ಸ್ಕೇಟಿಂಗ್ ಕಲಿಯೋಕೆ ಶುರು ಮಾಡಿದ ಮೇಲೆ ಮಗಳಿಗೆ ದಿನಕ್ಕೊಂದು ಕಡೆ ನೋವು. ನಿಮ್ಮ ಮನೆಯಲ್ಲೂ ಹೀಗಾಗಿತ್ತಾ?

ಪುಟ್ಟಿಯ ಅಮ್ಮ, ಬೆಂಗಳೂರು

ಮಗಳಿಗೆ ಆರು ವರ್ಷ. ಎರಡು ತಿಂಗಳಿಂದ ಸ್ಕೇಟಿಂಗ್ ಕ್ಲಾಸ್‌ಗೆ ಹೋಗುತ್ತಿದ್ದಾಳೆ. ವಾರಕ್ಕೆ ಮೂರು ದಿನ, ಸಂಜೆ ಒಂದು ಗಂಟೆ. ಶೂ ಮೇಲೆ ಪಟ್ಟಿ ಬಿಗಿಯುವ ನಾಲ್ಕು ಚಕ್ರದ ಸ್ಕೇಟ್. ಬೀಳುತ್ತಾಳೆ, ಏಳುತ್ತಾಳೆ, ದೊಡ್ಡ ಪೆಟ್ಟೇನೂ ಆಗಿಲ್ಲ. ಆದರೆ ಮೂರು ವಾರದಿಂದ ಸೋಮವಾರ ಮೊಣಕಾಲು ನೋವು, ಬುಧವಾರ ಹಿಮ್ಮಡಿ ನೋವು. ಮೊನ್ನೆ ರಾತ್ರಿ ಹನ್ನೊಂದಕ್ಕೆ ಎದ್ದು ಎರಡೂ ಮೀನಖಂಡ ಹಿಡಿದುಕೊಂಡು ಅತ್ತಳು. ಬೆಳಿಗ್ಗೆ ನೋಡಿದರೆ ಸೋಫಾ ಮೇಲಿಂದ ಧುಮುಕುತ್ತಿದ್ದಳು! ಅತ್ತೆ ದೃಷ್ಟಿ ತೆಗೆದರು. ಯಜಮಾನರು ಕ್ಲಾಸ್ ತಪ್ಪಿಸೋ ನಾಟಕ ಅಂತಾರೆ. ಬಿಡಿಸಬೇಕಾ, ಡಾಕ್ಟರಿಗೆ ತೋರಿಸಬೇಕಾ, ಸುಮ್ನೆ ಇರಬೇಕಾ ಗೊತ್ತಾಗುತ್ತಿಲ್ಲ.

ಇಬ್ಬರು ಹುಡುಗರ ಅಪ್ಪ, ಬೆಳಗಾವಿ

ಅಕ್ಕಾರೇ, ಮಗುವಿನ ಕಾಲು ನೋಡೋದಕ್ಕೆ ಮೊದಲು ಸ್ಕೇಟ್ ನೋಡಿ. ನನ್ನ ದೊಡ್ಡ ಮಗನಿಗೆ ಎರಡು ವಾರ ಬಲತೊಡೆ ಮಾತ್ರ ನೋವು. ಎಡಗಾಲಿಗೆ ಏನೂ ಇಲ್ಲ. ನಾನು ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಒಂದು ದಿನ ರಿಂಕ್ ಕಟ್ಟೆ ಮೇಲೆ ಕೂತಾಗ ಸುಮ್ನೆ ಸ್ಕೇಟ್ ತಲೆಕೆಳಗು ಮಾಡಿ ಒಂದೊಂದೇ ಚಕ್ರ ಬೆರಳಲ್ಲಿ ತಿರುಗಿಸಿದೆ. ಬಲಗಡೆಯ ನಾಲ್ಕೂ ಗರಗರ ತಿರುಗಿದವು. ಎಡಗಡೆಯ ಹಿಂದಿನ ಒಂದು ಚಕ್ರ ಅರ್ಧ ಸುತ್ತಿಗೇ ನಿಂತಿತು. ಬೇರಿಂಗ್ ತುಂಬ ಮಣ್ಣು. ಮಳೆ ನಿಂತ ಮೇಲೆ ಒದ್ದೆ ನೆಲದಲ್ಲಿ ಓಡಿಸಿ, ಒರೆಸದೆ ಹಾಗೇ ಚೀಲಕ್ಕೆ ಹಾಕಿದ್ದು ನಾನೇ. ಸರಿಯಾಗಿ ಉರುಳದ ಎಡಗಾಲನ್ನು ಪಾಪ ಹುಡುಗ ಬಲಗಾಲಿಂದ ತಳ್ಳಿ ತಳ್ಳಿ ಸಾಕಾಗಿದ್ದ. ಬೇರಿಂಗ್ ಬದಲಿಸಿದೆ, ಒಂದು ವಾರದಲ್ಲಿ ನೋವು ಹೋಯಿತು.

ಎರಡನೇದು ಅಳತೆ. ಬೆಳೆಯೋ ಮಗು ಅಂತ ಒಂದು ಸೈಜ್ ದೊಡ್ಡ ಶೂ ಕೊಡಿಸಿರುತ್ತೇವೆ, ಅಲ್ವಾ? ಅದರೊಳಗೆ ಪಾದ ಜಾರುತ್ತದೆ. ಜಾರಬಾರದು ಅಂತ ಮಗು ಬೆರಳು ಮಡಚಿ ಹಿಡಿಯುತ್ತದೆ. ಗಂಟೆಗಟ್ಟಲೆ ಹಾಗೆ ಹಿಡಿದರೆ ಅಂಗಾಲು, ಮೀನಖಂಡ ನೋಯದೆ ಇರುತ್ತದೆಯೇ? ಕ್ಲಾಸ್ ಮುಗಿದ ಕೂಡಲೇ ಕಾಲುಚೀಲ ತೆಗೆದು ನೋಡಿ. ಕೆಂಪು ಗೆರೆ ಎಲ್ಲಿ ಮೂಡಿದೆಯೋ ಅಲ್ಲಿ ಪಟ್ಟಿ ಒತ್ತುತ್ತಿದೆ. ಮೆತ್ತನೆ ಕ್ಯಾನ್ವಾಸ್ ಶೂ ಮೇಲೆ ಪಟ್ಟಿ ಬಿಗಿದರೆ ಅದು ನೇರವಾಗಿ ಪಾದಕ್ಕೇ ಕೂರುತ್ತದೆ. ಹಿಮ್ಮಡಿ ಗಟ್ಟಿ ಇರುವ ಶೂ ಬೇಕು.

ಅಜ್ಜಿ, ಶಿವಮೊಗ್ಗ

ನೋಡಮ್ಮಾ, ಆರು ವರ್ಷದ ಮಗು ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ನಾಟಕ ಮಾಡಲ್ಲ. ನನ್ನ ಮಗನೂ ಹೀಗೇ ಅಳುತ್ತಿದ್ದ, ಆಗ ಸ್ಕೇಟಿಂಗೂ ಇರಲಿಲ್ಲ ಏನೂ ಇರಲಿಲ್ಲ. ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಕಾಲು ನೀವಿ ಬಿಡು. ಪಕ್ಕದಲ್ಲೇ ಮಲಗಿಸಿಕೋ.

ಅವಳಿ ಮಕ್ಕಳ ಅಮ್ಮ, ಹುಬ್ಬಳ್ಳಿ

ಅಜ್ಜಿ ಹೇಳಿದ್ದು ರಾತ್ರಿಯ ನೋವಿಗೆ ಸರಿ. ಬಿದ್ದ ಮೇಲೆ ಬಂದ ನೋವಿಗೆ ದಯವಿಟ್ಟು ನೀವಬೇಡಿ. ನನ್ನ ಮಗಳು ಹಿಂದಕ್ಕೆ ಬೀಳುವಾಗ ಕೈ ಊರಿದ್ದಳು. ಊತ ಹೆಚ್ಚಿರಲಿಲ್ಲ, ಅಳು ಐದು ನಿಮಿಷಕ್ಕೆ ನಿಂತಿತು. ಉಳುಕು ಅಂದುಕೊಂಡು ಎರಡು ದಿನ ಎಣ್ಣೆ ಹಚ್ಚಿ ಉಜ್ಜಿದೆವು. ಮೂರನೇ ದಿನ ಅವಳು ಎಡಗೈಯಲ್ಲಿ ದೋಸೆ ಮುರಿಯುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಎಕ್ಸ್‌ರೇ ತೆಗೆದರೆ ಮಣಿಕಟ್ಟಿನ ಹತ್ತಿರ ಮೂಳೆ ಒಂದು ಕಡೆ ಸೊಟ್ಟಗಾಗಿ ಉಬ್ಬಿತ್ತು. ಮಕ್ಕಳ ಮೂಳೆ ಮೆತ್ತಗಿರುತ್ತೆ, ಪೂರ್ತಿ ಮುರಿಯದೆ ಹೀಗೆ ಸುಕ್ಕುಗಟ್ಟುತ್ತೆ ಅಂದರು ಡಾಕ್ಟರು. ಮೂರು ವಾರ ಪಟ್ಟಿ ಕಟ್ಟಿಕೊಂಡಿದ್ದಳು, ವಾಸಿಯಾಯಿತು. ಮೊಣಕಾಲಿಗೆ, ಮೊಣಕೈಗೆ ಪ್ಯಾಡ್ ಹಾಕಿಸಿ ಮಣಿಕಟ್ಟಿಗೆ ಮರೆಯುವವರು ನಾವೊಬ್ಬರೇ ಅಲ್ಲ ಅಂತ ಆಮೇಲೆ ಕ್ಲಾಸ್‌ನಲ್ಲಿ ಸುತ್ತ ನೋಡಿದಾಗ ಗೊತ್ತಾಯಿತು.

ಮೈಸೂರಿನಿಂದ ಒಬ್ಬ ತಾಯಿ

ಮೊಣಕಾಲು ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಗನಿಗೆ ಐದು ವರ್ಷವಿದ್ದಾಗ ಸ್ಕೇಟಿಂಗ್ ಮುಗಿಸಿ ಬಂದವನು ಮರುದಿನ ಬೆಳಿಗ್ಗೆ ಕುಂಟಿದ. ಎಲ್ಲಿ ನೋವು ಅಂದರೆ ಮೊಣಕಾಲು ತೋರಿಸಿದ. ಡಾಕ್ಟರು ಮೊಣಕಾಲನ್ನು ಒಂದು ಸಲ ಒತ್ತಿ ಬಿಟ್ಟರು. ಆಮೇಲೆ ಅಂಗಾತ ಮಲಗಿಸಿ ತೊಡೆಯನ್ನು ಒಳಗೂ ಹೊರಗೂ ತಿರುಗಿಸಿದರು. ಒಳಗೆ ತಿರುಗಿಸಿದಾಗ ಚೀರಿದ. ತೊಂದರೆ ಇದ್ದದ್ದು ಸೊಂಟದ ಕೀಲಿನಲ್ಲಿ! ಸೊಂಟದ ನೋವನ್ನು ಮಕ್ಕಳು ಮೊಣಕಾಲಲ್ಲಿ ತೋರಿಸುತ್ತಾರಂತೆ. ಅಲ್ಟ್ರಾಸೌಂಡ್‌ನಲ್ಲಿ ಕೀಲೊಳಗೆ ಸ್ವಲ್ಪ ನೀರು ಕಂಡಿತು. ಹತ್ತು ದಿನದ ಹಿಂದೆ ಅವನಿಗೆ ನೆಗಡಿ ಬಂದು ಹೋಗಿತ್ತು. ಅಂಥ ವೈರಲ್ ನೆಗಡಿ ಆದ ಮೇಲೆ ಕೆಲವು ಮಕ್ಕಳಿಗೆ ಹೀಗಾಗುತ್ತದೆ. ಒಂದು ವಾರ ಓಡಾಟ ಕಮ್ಮಿ ಮಾಡಿಸಿದೆವು, ಹೋಯಿತು. ನಾನು ಅಷ್ಟೊತ್ತಿಗೆ ಸ್ಕೇಟಿಂಗ್‌ಗೆ ಶಾಪ ಹಾಕಿಯಾಗಿತ್ತು.

ಆಗ ಡಾಕ್ಟರು ಹೇಳಿಕೊಟ್ಟದ್ದು: ಸಂಜೆ ಅಥವಾ ರಾತ್ರಿ, ಎರಡೂ ಕಾಲಲ್ಲಿ, ಕೀಲು ಬಿಟ್ಟು ಮಾಂಸಖಂಡದಲ್ಲಿ ನೋವು, ಬೆಳಿಗ್ಗೆ ಮಾಯ ಅಂದರೆ ಹೆಚ್ಚಾಗಿ ಗ್ರೋಯಿಂಗ್ ಪೇನ್. ಮೂರರಿಂದ ಹನ್ನೆರಡು ವರ್ಷದೊಳಗೆ ತುಂಬ ಮಕ್ಕಳಿಗೆ ಬರುತ್ತದೆ. ಓಡಿ ಕುಣಿದ ದಿನ ಜಾಸ್ತಿ. ಹೆಸರು ಹಾಗಿದೆ ಅಷ್ಟೇ, ಎತ್ತರ ಬೆಳೆಯೋದಕ್ಕೂ ಅದಕ್ಕೂ ಸಂಬಂಧ ಇಲ್ಲವಂತೆ. ಪುಟ್ಟಿಯ ರಾತ್ರಿ ನೋವು ನನಗಂತೂ ಹಾಗೇ ಕಾಣುತ್ತದೆ. ಆದರೆ ದಿನವೂ ಒಂದೇ ಜಾಗ, ಬೆಳಿಗ್ಗೆ ಏಳುವಾಗ ಬಿಗಿತ, ಕುಂಟು, ಕೀಲು ಊತ, ಜ್ವರ, ತೂಕ ಇಳಿಯುವುದು, ಇದರಲ್ಲಿ ಒಂದಿದ್ದರೂ ಕಾಯಬೇಡಿ, ತೋರಿಸಿ. ಮಳೆಗಾಲದಲ್ಲಿ ಜ್ವರದ ಜೊತೆ ಮೈಕೈ ನೋವು ಬಂದರೆ ಸ್ಕೇಟಿಂಗ್ ಅನ್ನೋ ಯೋಚನೆ ಬಿಟ್ಟು ಮೊದಲು ಡೆಂಗ್ಯೂ ನೋಡಿಸಿ. ಅದು ಅಲ್ಲ ಅಂತ ಗೊತ್ತಾಗುವ ತನಕ ಬ್ರೂಫೆನ್ ಥರದ ನೋವಿನ ಔಷಧಿ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಅದೂ ಮಗುವಿನ ತೂಕ ನೋಡಿ.

ಹಿಂದೆ ಸ್ಕೇಟಿಂಗ್ ಮಾಡುತ್ತಿದ್ದವನು, ಬೆಂಗಳೂರು

ಮೊಣಕಾಲು ಬಗ್ಗಿಸಿ, ಮೈ ಮುಂದಕ್ಕೆ ಬಾಗಿಸಿ ನಿಲ್ಲಿ ಅಂತ ಸರ್ ಹೇಳುತ್ತಲೇ ಇರುತ್ತಾರೆ. ಕುರ್ಚಿ ಇಲ್ಲದೆ ಕುರ್ಚಿ ಮೇಲೆ ಕೂತ ಹಾಗೆ ಅದು. ನೀವೇ ಎರಡು ನಿಮಿಷ ನಿಂತು ನೋಡಿ, ತೊಡೆ ನಡುಗುತ್ತದೆ. ಹೊಸಬರಿಗೆ ತೊಡೆ, ತೊಡೆಯ ಒಳಭಾಗ, ನಡು ಎರಡು ದಿನ ನೋಯುವುದು ಮಾಮೂಲಿ. ಇನ್ನೊಂದು ವಿಷಯ, ರಿಂಕ್‌ನಲ್ಲಿ ಎಲ್ಲರೂ ಎಡಕ್ಕೇ ತಿರುಗುತ್ತಾ ಸುತ್ತು ಹಾಕುತ್ತಾರೆ. ಎರಡು ಕಾಲಿಗೂ ಒಂದೇ ಕೆಲಸ ಬೀಳಲ್ಲ. ಸಣ್ಣ ಮಕ್ಕಳಿಗೆ ಕೊನೆಯ ಐದು ನಿಮಿಷ ಉಲ್ಟಾ ಸುತ್ತಿಸಿ ಅಂತ ಕೇಳಿ, ಒಳ್ಳೆ ಕೋಚ್ ಆದರೆ ಬೇಡ ಅನ್ನಲ್ಲ. ನಿಮ್ಮ ಮಗಳಿಗೆ ಶಾಲೆ, ಡ್ಯಾನ್ಸ್, ಈಜು ಎಲ್ಲ ಸೇರಿ ವಾರದಲ್ಲಿ ಖಾಲಿ ದಿನ ಎಷ್ಟಿದೆ?

ಪುಟ್ಟಿಯ ಅಮ್ಮ, ಬೆಂಗಳೂರು

ಖಾಲಿ ದಿನ ಒಂದೂ ಇರಲಿಲ್ಲ ಸರ್. ಬರೆದು ಲೆಕ್ಕ ಹಾಕಿದಾಗ ನನಗೇ ನಾಚಿಕೆಯಾಯಿತು. ಡ್ಯಾನ್ಸ್ ಸದ್ಯಕ್ಕೆ ನಿಲ್ಲಿಸಿದ್ದೇವೆ.

ಎಲ್ಲಿ ನೋವು ಅಂತ ಕೇಳುವ ಬದಲು ಒಂದೇ ಬೆರಳಿಂದ ಮುಟ್ಟಿ ತೋರಿಸು ಅಂದೆ. ಸಂಜೆಯ ನೋವಿಗೆ ಹಿಮ್ಮಡಿಯ ಹಿಂದೆ ಒಂದೇ ಚುಕ್ಕೆ ತೋರಿಸಿದಳು. ಸರಿಯಾಗಿ ಪಟ್ಟಿಯ ಬಕಲ್ ಕೂರುವ ಜಾಗ. ರಾತ್ರಿ ನೋವಿಗೆ ಇಡೀ ಅಂಗೈಯಿಂದ ಮೀನಖಂಡ ಸವರಿದಳು, ಒಂದು ಸಲ ಆ ಕಾಲು, ಒಂದು ಸಲ ಈ ಕಾಲು. ಡಾಕ್ಟರಿಗೂ ತೋರಿಸಿದೆ. ಮೈಸೂರಿನವರು ಹೇಳಿದ ಹಾಗೇ ತೊಡೆ ತಿರುಗಿಸಿ ನೋಡಿದರು, ಪುಟ್ಟಿ ಕಿಲಕಿಲ ನಕ್ಕಳು. ರಕ್ತ ಪರೀಕ್ಷೆ ಈಗ ಬೇಡ, ಒಂದು ತಿಂಗಳು ಯಾವ ದಿನ ಎಲ್ಲಿ ನೋವು ಅಂತ ಬರೆದಿಡಿ ಅಂದರು. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತಿದ್ದೇನೆ.

ಬೆಳಗಾವಿ ಅಣ್ಣಾ, ಎಂಟು ಚಕ್ರನೂ ತಿರುಗಿಸಿ ನೋಡಿದೆ. ಒಂದರಲ್ಲಿ ಅವಳದೇ ಉದ್ದ ಕೂದಲು, ಜೊತೆಗೆ ಮ್ಯಾಟ್‌ನ ದಾರ ಸುತ್ತಿಕೊಂಡಿತ್ತು. ಯಜಮಾನರೇ ಕೂತು ಸೂಜಿಯಲ್ಲಿ ಬಿಡಿಸಿದರು. ನಾಟಕದ ಮಾತು ಆಮೇಲೆ ಬಂದಿಲ್ಲ. ಇವತ್ತು ಹೊಸ ದೂರು: ಹೆಲ್ಮೆಟ್ ಹಾಕಿದರೆ ತಲೆ ಕಡಿಯುತ್ತದಂತೆ. ಒಳಗಿನ ಸ್ಪಾಂಜ್ ತೊಳೆಯೋದು ಹೇಗೆ, ಯಾರಿಗಾದರೂ ಗೊತ್ತಾ?