ಓಪನ್ ವಾಟರ್ ಮುಗಿಯಿತು, ಅಡ್ವಾನ್ಸ್ಡ್ ಯಾವಾಗ?

ಪ್ರಶ್ನೆ (ದಾವಣಗೆರೆಯಿಂದ): ನಮಸ್ಕಾರ ಸರ್. ಅಂಡಮಾನ್‌ನ ಸ್ವರಾಜ್ ದ್ವೀಪದಲ್ಲಿ ಪಾಡಿ (PADI, ಸ್ಕೂಬಾ ಡೈವಿಂಗ್ ಕಲಿಸುವ ಸಂಸ್ಥೆ) ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮಾಡಿದ್ದೇನೆ. ಆಮೇಲೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲೂ ಡೈವ್ ಆಯಿತು. ತಡ ಮಾಡದೆ ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಮುಗಿಸು ಅಂತ ಗೆಳೆಯರು ಹೇಳುತ್ತಾರೆ. ನನಗೋ ಸಿಲಿಂಡರ್ ಎಲ್ಲರಿಗಿಂತ ಬೇಗ ಖಾಲಿ ಆಗುತ್ತದೆ. ಸೇರಲೋ, ಕಾಯಲೋ?

ಉತ್ತರ (ಡೈವಿಂಗ್ ಬೋಧಕರು): ನಿಯಮದ ಪ್ರಕಾರ ನಾಳೆಯೇ ಸೇರಬಹುದು. ಇಷ್ಟು ಡೈವ್ ಆಗಿರಲೇಬೇಕು ಅಂತ ಪಾಡಿಯಲ್ಲಿ ಇಲ್ಲ. ಕೋರ್ಸಿನಲ್ಲಿ 5 ಡೈವ್ ಇರುತ್ತವೆ. ಡೀಪ್ (ಆಳದ ಡೈವ್) ಮತ್ತು ನ್ಯಾವಿಗೇಶನ್ (ನೀರಿನಡಿ ದಾರಿ ಕಂಡುಕೊಳ್ಳುವುದು) ಕಡ್ಡಾಯ, ಉಳಿದ ಮೂರು ನಿಮ್ಮ ಆಯ್ಕೆ.

ಆದರೆ ನಿಮ್ಮ ಗಾಳಿಯ ವಿಷಯ ಕೇಳಿದ ಮೇಲೆ, ಸ್ವಲ್ಪ ಕಾಯಿರಿ ಅನ್ನುತ್ತೇನೆ. ಓಪನ್ ವಾಟರ್‌ಗೆ 18 ಮೀಟರ್ ಮಿತಿ, ಅಡ್ವಾನ್ಸ್ಡ್‌ಗೆ 30. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಹೋಗುತ್ತದೆ. ಸಮಯವೂ ಕಮ್ಮಿ: ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳುವ ಪಾಡಿ ಟೇಬಲ್ ಪ್ರಕಾರ ಮೊದಲ ಡೈವ್‌ನಲ್ಲಿ 18 ಮೀಟರ್‌ಗೆ ಹೆಚ್ಚೆಂದರೆ 56 ನಿಮಿಷ, 30 ಮೀಟರ್‌ಗೆ ಬರೀ 20. ಮೇಲಾಗಿ ಅಷ್ಟು ಆಳದಲ್ಲಿ ನೈಟ್ರೋಜನ್ ತಲೆಗೆ ಮಂಕು ಹಿಡಿಸಬಹುದು. ಕೆಲವರು ಗೇಜ್ (ಸಿಲಿಂಡರ್‌ನಲ್ಲಿ ಉಳಿದ ಗಾಳಿ ತೋರಿಸುವ ಮಾಪಕ) ಕಣ್ಣ ಮುಂದೆ ಹಿಡಿದುಕೊಂಡೇ ಇರುತ್ತಾರೆ, ಮುಳ್ಳು ಎಲ್ಲಿದೆ ಅನ್ನೋದು ತಲೆಗೆ ಹೋಗುವುದಿಲ್ಲ.

ಮುಂದಿನ ಡೈವ್‌ನಲ್ಲಿ ಹೀಗೆ ಮಾಡಿ ನೋಡಿ. ಮೇಲೆ ಬರುವಾಗ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುತ್ತೀರಲ್ವಾ? ಅಲ್ಲಿ ಹಗ್ಗ ಹಿಡಿಯದೆ, ಕೈ ಬೀಸದೆ, ಉಸಿರಿನಿಂದಲೇ ಒಂದೇ ಮಟ್ಟದಲ್ಲಿ ನಿಲ್ಲಿ. ಬೋಧಕರು ಕೇಳುವ ಮೊದಲೇ ನಿಮ್ಮ ಗೇಜ್ ನೀವೇ ನೋಡಿ. ಇವೆರಡೂ ಸಲೀಸಾಗಿ ಬಂದ ದಿನ ಸೇರಿ. ಗಾಳಿ ಬೇಗ ಮುಗಿಯಲು ಹೆಚ್ಚಿನ ಸಲ ಕಾರಣ ಸುಮ್ನೆ ಕೈಕಾಲು ಆಡಿಸುವುದು, ಮುಳುಗಲೆಂದು ಕಟ್ಟುವ ಬೆಲ್ಟಿನಲ್ಲಿ ತೂಕ ಜಾಸ್ತಿ ಆಗಿರುವುದು. ನಿಮ್ಮ ಬೆಲ್ಟಿನ ತೂಕ ಒಮ್ಮೆ ಸರಿಯಾಗಿ ಪರೀಕ್ಷಿಸಿಕೊಳ್ಳಿ. ಅಡ್ವಾನ್ಸ್ಡ್ ಸರ್ಟಿಫಿಕೇಟ್ ಕಾರ್ಡಿಗಾಗಿ ಅವಸರ ಬೇಡ. ಸ್ವರಾಜ್ ದ್ವೀಪದ ಬಳಿಯ ಡಿಕ್ಸನ್ಸ್ ಪಿನಾಕಲ್‌ನಂಥ ಆಳದ ಜಾಗ ನೋಡಬೇಕು ಅಂತ ಆಸೆ ಇದ್ದರೆ ಆ ಕೋರ್ಸ್ ಖಂಡಿತ ಬೇಕು.

ಪ್ರಶ್ನೆ (ಚಿತ್ರದುರ್ಗದಿಂದ): ಸರ್, ನಾನೂ ನೇತ್ರಾಣಿಯಲ್ಲಿ ಒಮ್ಮೆ ಇಳಿದಿದ್ದೇನೆ, ಸರ್ಟಿಫಿಕೇಟ್ ಕೊಟ್ಟಿದ್ದಾರೆ. ನೇರವಾಗಿ ಅಡ್ವಾನ್ಸ್ಡ್‌ಗೆ ಬರಬಹುದಾ?

ಉತ್ತರ: ಇಲ್ಲ ಮೇಡಂ. ಬೋಧಕರು ಹಿಡಿದುಕೊಂಡೇ ಕರೆದೊಯ್ಯುವ ಆ ಡೈವ್ ಅನುಭವಕ್ಕೆ ಮಾತ್ರ. ಮೊದಲು ಓಪನ್ ವಾಟರ್ ಆಗಬೇಕು.

ಪ್ರಶ್ನೆ (ದಾವಣಗೆರೆ): ಇನ್ನೊಂದು ಸರ್. ಭಾನುವಾರ ನೇತ್ರಾಣಿಯಲ್ಲಿ ಡೈವ್ ಮುಗಿಸಿ ಸಂಜೆಯೇ ಊರಿಗೆ ಹೊರಟರೆ ತೊಂದರೆ ಇಲ್ವಾ? ಸೋಮವಾರ ಡ್ಯೂಟಿ ಇದೆ.

ಉತ್ತರ: ಇದನ್ನು ಕೇಳಿದ್ದು ಒಳ್ಳೆಯದಾಯಿತು. ಡೈವ್ ಆದ ಕೂಡಲೇ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು, ಘಾಟಿ ಯಾರ ನೆನಪಿಗೂ ಬರುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ದಾಟಿದರೆ ಅದು ಎತ್ತರದ ಜಾಗ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ಮೇಲೆ. ವಿಮಾನಕ್ಕೆ, ಒಂದಕ್ಕಿಂತ ಹೆಚ್ಚು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ನಾನು ನನ್ನ ವಿದ್ಯಾರ್ಥಿಗಳಿಗೆ ಘಾಟಿಗೂ ಅಷ್ಟೇ ಬಿಡಿ ಅಂತ ಹೇಳುತ್ತೇನೆ. ಕೀಲುನೋವು, ಕೈಕಾಲು ಜುಮ್ಮೆನ್ನುವುದು ಕಂಡರೆ ಡೈವ್ ಮಾಡಿದ್ದನ್ನು ತಕ್ಷಣ ವೈದ್ಯರಿಗೆ ಹೇಳಬೇಕು. ಸೋಮವಾರ ರಜೆ ಹಾಕಿ, ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ.