ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ತಪ್ಪು ಮಾಡಿದ ಹಾಗೆ ಅನಿಸುತ್ತದೆ, ಏನು ಮಾಡಲಿ?

ಬನಶಂಕರಿ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಟೀಮಲ್ಲಿದ್ದೇನೆ. ಬೆಳಗ್ಗೆ ಇಲ್ಲಿಯವರ ಜೊತೆ ಸ್ಟ್ಯಾಂಡಪ್ ಮೀಟಿಂಗ್, ರಾತ್ರಿ ಅಮೆರಿಕದವರ ಜೊತೆ ಕಾಲ್. ಅದು ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಮಲಗಿದರೂ ತಲೆಯಲ್ಲಿ ಬಗ್‌ಗಳೇ ಓಡುತ್ತಿರುತ್ತವೆ.

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದಾಗ ತುಂಬಾ ಖುಷಿಪಟ್ಟಿದ್ದೆ. ಸಿಲ್ಕ್ ಬೋರ್ಡ್ ಜಾಮಲ್ಲಿ ಹೋಗುತ್ತಿದ್ದ ಹೊತ್ತು ಉಳಿಯುತ್ತದೆ, ಸಂಜೆ ವಾಕಿಂಗ್ ಹೋಗಬಹುದು, ಅಮ್ಮನ ಜೊತೆ ಕೂತು ಊಟ ಮಾಡಬಹುದು ಅಂತೆಲ್ಲ ಅಂದುಕೊಂಡಿದ್ದೆ. ಹೊತ್ತು ಉಳಿಯಿತು ನಿಜ, ಆದರೆ ಬೇಗ ಮನೆ ಸೇರುತ್ತೀಯಲ್ಲ, ಇನ್ನೊಂದು ಕಾಲ್‌ಗೆ ಸೇರಿಕೋ ಅಂತ ಅದನ್ನೂ ಆಫೀಸೇ ತಗೊಂಡುಬಿಟ್ಟಿತು.

ಯಾರೂ ಬಲವಂತ ಮಾಡುವುದಿಲ್ಲ. ಅದೇ ಕಷ್ಟ. ಏಳು ಗಂಟೆಗೆ ಮುಚ್ಚಿದರೆ ಆಫೀಸ್ ಚಾಟ್‌ನಲ್ಲಿ ಉಳಿದವರ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಲೇ ಇರುತ್ತದೆ, ನಾನೊಬ್ಬಳೇ ಓಡಿಹೋದ ಹಾಗೆ ಅನಿಸುತ್ತದೆ. ಲೀಡ್ ಮಾತೆತ್ತಿದರೆ ‘ಕಾಯಕವೇ ಕೈಲಾಸ’ ಅನ್ನುತ್ತಾರೆ. ಅಪ್ಪ ಫ್ಯಾಕ್ಟರಿಯಲ್ಲಿದ್ದವರು, ‘ನಾವೆಲ್ಲ ಓಟಿ (ಓವರ್‌ಟೈಮ್) ಮಾಡಿಯೇ ಈ ಮನೆ ಕಟ್ಟಿದ್ದು’ ಅನ್ನುತ್ತಾರೆ. ಈಚೆಗೆ ಎದೆ ಡವಡವ ಅನ್ನುತ್ತದೆ, ಸುಮ್ನೆ ಅಳು ಬರುತ್ತದೆ. ಕೆಲಸ ಬಿಡು ಅನ್ನಬೇಡಿ, ಮನೆ ಸಾಲ ಇದೆ. ನನ್ನನ್ನು ನಾನು ನೋಡಿಕೊಳ್ಳುವುದು ಸ್ವಾರ್ಥ ಅಂತ ಅನಿಸದ ಹಾಗೆ ಇರೋದು ಹೇಗೆ?

ಎಚ್ಎಸ್ಆರ್_ಸ್ಟಾರ್ಟಪ್:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 2023ರಲ್ಲಿ ನಾರಾಯಣ ಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಎಲ್ಲರೂ ಬೈದರು, ನಾನು ಬೈಯಲಿಲ್ಲ. ಕೆಲಸ ಕಲಿಯುವ ವಯಸ್ಸಲ್ಲಿ ಜಾಸ್ತಿ ಹೊತ್ತು ಕೂತರೆ ಕೈ ಪಳಗುತ್ತದೆ. ನಾವು ನಾಲ್ಕು ಜನ ಸೇರಿ ಕಂಪನಿ ಶುರು ಮಾಡಿದ್ದೇವೆ, ರಾತ್ರಿ ಹಗಲು ಅಂತ ನೋಡುವುದಿಲ್ಲ, ಆ ದಿನಗಳನ್ನು ನಾನು ಪ್ರೀತಿಸುತ್ತೇನೆ. ಆದರೆ ಎದೆ ಡವಡವ ಅನ್ನುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಅದರಲ್ಲಿ ಎರಡು ಮಾತಿಲ್ಲ.

ಮಾರತಹಳ್ಳಿ_ಲೀಡ್:

ಮೇಲಿನವರಿಗೆ: ನಿಮ್ಮ ಕಂಪನಿ ನಿಮ್ಮದು. ದುಡಿದದ್ದು ನಾಳೆ ನಿಮಗೇ ಬರುತ್ತದೆ, ಬೇಡ ಅನಿಸಿದ ದಿನ ನಿಲ್ಲಿಸುವ ಅಧಿಕಾರವೂ ನಿಮ್ಮ ಕೈಯಲ್ಲಿದೆ. ಈ ಹುಡುಗಿಗೆ ಅವೆರಡೂ ಇಲ್ಲ.

ತಂಗಿ, ನಿಮ್ಮ ಅಪ್ಪನ ಮಾತಿಗೆ ಉತ್ತರ ಅವರ ಮಾತಲ್ಲೇ ಇದೆ. ನಮ್ಮಪ್ಪನೂ ಫ್ಯಾಕ್ಟರಿಯವರೇ. ಆಗ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಓಟಿಗೆ ಎರಡು ಪಟ್ಟು ಸಂಬಳ ಇತ್ತು. ಅದು ಚೀಟಿಯಲ್ಲಿ ಬರೆದು ಬರುತ್ತಿತ್ತು. ಸೈರನ್ ಆದ ಮೇಲೆ ಸೈಕಲ್ ಹತ್ತಿ ಮನೆಗೆ ಬಂದರೆ ಮರುದಿನದವರೆಗೆ ಮೆಷಿನ್ ನೆನಪೂ ಇರುತ್ತಿರಲಿಲ್ಲ, ಯಾರೂ ಊಟದ ತಟ್ಟೆ ಮುಂದೆ ಕೂತವರನ್ನು ಎಬ್ಬಿಸುತ್ತಿರಲಿಲ್ಲ. ನಾವು ಮಾಡುತ್ತಿರುವುದು ಅವರ ಓಟಿ ಅಲ್ಲ. ಲೆಕ್ಕವೂ ಇಲ್ಲ, ದುಡ್ಡೂ ಇಲ್ಲ, ಮುಗಿಯುವ ಹೊತ್ತೂ ಇಲ್ಲ. ಇದನ್ನು ಅಪ್ಪನ ಜೊತೆ ಕೂತು ಮಾತಾಡಿ, ಅವರಿಗೆ ಖಂಡಿತ ಅರ್ಥವಾಗುತ್ತದೆ.

ನಾನು ಟೀಮ್ ನಡೆಸುವವನಾಗಿ ಹೇಳುತ್ತೇನೆ, ಹಸಿರು ಚುಕ್ಕೆ ನೋಡಿ ಅಪ್ರೈಸಲ್ ಬರೆಯುವ ಮ್ಯಾನೇಜರ್ ಕಡಿಮೆ. ರಾತ್ರಿ ಕಾಲ್‌ಗೆ ಎಲ್ಲರೂ ಬೇಕಾಗಿಯೂ ಇಲ್ಲ. ಸರದಿ ಹಾಕಿಸಿ. ವಾರಕ್ಕೆ ಒಬ್ಬರು ಕೂರಲಿ, ಉಳಿದವರು ಬೆಳಗ್ಗೆ ನೋಟ್ಸ್ ಓದಲಿ. ಕೂತವರು ಮರುದಿನ ತಡವಾಗಿ ಬರಲಿ.

ಕಾನೂನು_ಓದುವವ:

ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಿಂದಲೇ ಇದೆ, ನಮ್ಮ ಸಾಫ್ಟ್‌ವೇರ್ ಆಫೀಸುಗಳೂ ಅದರಡಿ ಬರುತ್ತವೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಜಾಸ್ತಿ ದುಡಿಸಿದರೆ ಎರಡು ಪಟ್ಟು ಸಂಬಳ, ವಾರಕ್ಕೊಂದು ಪೂರ್ತಿ ರಜೆ. ಆಡಳಿತದ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ, ಟೆಸ್ಟರ್‌ಗಳಿಗೆ ಅನ್ವಯಿಸುತ್ತದೆ. 2024ರ ಜುಲೈನಲ್ಲಿ ಐಟಿಯವರನ್ನು ದಿನಕ್ಕೆ 14 ಗಂಟೆವರೆಗೆ ದುಡಿಸುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬಲವಾಗಿ ವಿರೋಧಿಸಿತು. ನೀವು ಸಂಜೆ ಮುಚ್ಚುವುದು ಯಾರ ಉಪಕಾರವೂ ಅಲ್ಲ ಅಂತ ಗೊತ್ತಿರಲಿ ಅಂತ ಇದನ್ನು ಬರೆದೆ.

ಇನ್ನು ಕಾಯಕದ ಮಾತು. ನಿಮ್ಮ ಲೀಡ್‌ಗೆ ಆಯ್ದಕ್ಕಿ ಮಾರಯ್ಯನ ಕಥೆ ಪೂರ್ತಿ ಹೇಳಿ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಭೇಷ್ ಅನ್ನಲಿಲ್ಲ, ಇಷ್ಟೊಂದು ನಮಗೆ ಯಾಕೆ, ತಂದಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಕಾಯಕ ಅಂತ ಹೇಳಿಕೊಟ್ಟ ಜನರೇ ಸಾಕು ಅನ್ನುವುದನ್ನೂ ಹೇಳಿಕೊಟ್ಟಿದ್ದಾರೆ. ಅರ್ಧ ಮಾತ್ರ ಹಿಡಿದುಕೊಂಡು ರಾತ್ರಿ ಹನ್ನೊಂದರ ಕಾಲ್‌ಗೆ ಕರೆಯುವುದು ನನಗೆ ನಿಜವಾಗಿ ನೋವು ತರುತ್ತದೆ.

ವಾರ್ಡ್_ಅಕ್ಕ:

ನಾನು ನರ್ಸ್. ನಮ್ಮಲ್ಲೂ ಇದೇ ಕಥೆ. ಮುಂದಿನ ಶಿಫ್ಟಿನವಳು ಬರದಿದ್ದರೆ ಇರುವವಳೇ ಡಬಲ್ ಡ್ಯೂಟಿ ಮಾಡಬೇಕು, ಇಲ್ಲ ಅಂದರೆ ‘ಪೇಷೆಂಟ್ ಮೇಲೆ ಕರುಣೆ ಇಲ್ವಾ’ ಅಂತ ಕೇಳುತ್ತಾರೆ. ನಿದ್ದೆಗೆಟ್ಟ ಕಣ್ಣಲ್ಲಿ ಔಷಧಿ ಅಳೆದು ಕೊಡುವುದು ಯಾವ ಕರುಣೆ ಹೇಳಿ?

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಂದು ಲೆಕ್ಕ ಕೊಟ್ಟಿವೆ. ವಾರಕ್ಕೆ 55 ಗಂಟೆ ಅಥವಾ ಇನ್ನೂ ಜಾಸ್ತಿ ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ, ಸ್ಟ್ರೋಕ್ ಆಗುವ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ತಂಗಿ, ಎದೆ ಡವಡವ ಅನ್ನುವುದನ್ನು ಬರೀ ಟೆನ್ಷನ್ ಅಂತ ಬಿಡಬೇಡ. ಇಸಿಜಿ, ಥೈರಾಯ್ಡ್, ರಕ್ತ ಕಡಿಮೆ ಇದೆಯಾ ಅಂತ ಒಮ್ಮೆ ನೋಡಿಸು. ಅಳು ಬರುವುದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ ಫೋನ್ ಮಾಡು, ನಂಬರ್ 14416, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ನೋಡಬೇಕು ಅಂದರೆ ನಿನಗೆ ನಿಮ್ಹಾನ್ಸ್ ಹತ್ತಿರವೇ ಇದೆ. ಅಲ್ಲಿಗೆ ಹೋದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಕಾಲ ಹೋಯಿತು.

ಮತ್ತೆ, ಆರೈಕೆ ಅಂದರೆ ಸ್ಪಾ, ರೆಸಾರ್ಟ್ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಹೊತ್ತಿಗೆ ಸರಿಯಾಗಿ ಊಟ, ಕಣ್ತುಂಬ ನಿದ್ದೆ, ಅಮ್ಮನ ಜೊತೆ ಸ್ವಲ್ಪ ಮಾತು. ಇದನ್ನು ಕೇಳಲು ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ಬನಶಂಕರಿ_ಹುಡುಗಿ:

ಓದುತ್ತಾ ಕಣ್ಣು ತುಂಬಿ ಬಂತು. ಅಕ್ಕ, ಶನಿವಾರ ಡಾಕ್ಟರ್ ಹತ್ತಿರ ಹೋಗುತ್ತೇನೆ, ಅಮ್ಮನಿಗೂ ಹೇಳಿದ್ದೇನೆ. ಲಕ್ಕಮ್ಮನ ಕಥೆ ಅಪ್ಪನಿಗೆ ಓದಿ ಹೇಳಿದೆ, ‘ಅದು ಸರಿಯಾದ ಮಾತು’ ಅಂದರು. ಮಾರತಹಳ್ಳಿ ಅಣ್ಣ, ಸರದಿ ವಿಷಯ ಮ್ಯಾನೇಜರ್‌ಗೆ ಹೇಗೆ ಬರೆಯಲಿ? ದೂರು ಅಂತ ಅನಿಸಬಾರದು.

ಮಾರತಹಳ್ಳಿ_ಲೀಡ್:

ಹೀಗೆ ಬರೆಯಿರಿ: ‘ರಾತ್ರಿ ಕಾಲ್‌ಗೆ ನಾವು ಆರು ಜನ ಕೂರುತ್ತಿದ್ದೇವೆ, ಮಾತಾಡುವುದು ಇಬ್ಬರು. ವಾರಕ್ಕೊಬ್ಬರಂತೆ ಸರದಿ ಮಾಡಿದರೆ ಉಳಿದವರು ಬೆಳಗ್ಗೆ ಬೇಗ ಟೆಸ್ಟಿಂಗ್ ಶುರು ಮಾಡಬಹುದು. ಒಂದು ತಿಂಗಳು ಮಾಡಿ ನೋಡೋಣವಾ? ಮೊದಲ ವಾರ ನಾನು ಕೂರುತ್ತೇನೆ.’ ಸಂಖ್ಯೆ ನಿಮ್ಮ ಟೀಮಿಗೆ ಸರಿಯಾಗಿ ಬದಲಾಯಿಸಿಕೊಳ್ಳಿ. ಕಳಿಸುವ ಮೊದಲು ಟೀಮಿನ ಇನ್ನಿಬ್ಬರ ಜೊತೆ ಮಾತಾಡಿ, ಅವರೂ ಇದಕ್ಕೇ ಕಾಯುತ್ತಿರುತ್ತಾರೆ. ರಿಲೀಸ್ ವಾರದಲ್ಲಿ ಕಳಿಸಬೇಡಿ. ಮ್ಯಾನೇಜರ್ ಆಗಲ್ಲ ಅಂದರೆ ಕಾರಣವನ್ನು ಬರಹದಲ್ಲೇ ಕೇಳಿ, ಆಮೇಲೆ ಇಲ್ಲೇ ಹಾಕಿ, ಮುಂದೇನು ಅಂತ ನೋಡೋಣ.