ಸಿಎನ್‌ಸಿಯಲ್ಲಿ ವ್ಯಾಸಪೀಠ: ಕಚ್ಚಿನ ಅಗಲ ಎಷ್ಟಿರಬೇಕು?

ಪ್ರಶ್ನೆ: ಗಮಕ ವಾಚನಕ್ಕೆ ಪುಸ್ತಕ ಇಡುವ ಒಂದು ವ್ಯಾಸಪೀಠ ಬೇಕಾಗಿದೆ. ಎರಡು ಹಲಗೆ ಕತ್ತರಿಯಂತೆ ಒಂದರೊಳಗೊಂದು ಕೂರುವ ಮಾದರಿ, ಓದಿ ಮುಗಿದ ಮೇಲೆ ಬಿಚ್ಚಿಡುವಂತಿರಬೇಕು. ನನ್ನ ಸಿಎನ್‌ಸಿ (ಕಂಪ್ಯೂಟರ್ ಫೈಲ್‌ನಂತೆ ತಾನೇ ಕೊರೆಯುವ) ಮಷಿನ್ 600×400 ಮಿ.ಮೀ. ಟೇಬಲ್‌ನದು, ಕೊರೆಯುವ ಬಿಟ್ ತಿರುಗಿಸುವ ಸ್ಪಿಂಡಲ್ 1.5 ಕಿಲೋವ್ಯಾಟ್. 12 ಮಿ.ಮೀ. ಪ್ಲೈವುಡ್‌ಗೆ 12 ಮಿ.ಮೀ. ಅಗಲದ ಕಚ್ಚು (ಎದುರು ಹಲಗೆ ಕೂರುವ ಸೀಳು) ಕೊರೆದರೆ ಹಲಗೆಗಳು 90 ಡಿಗ್ರಿಯಲ್ಲೇ ಬಿಗಿದು ನಿಲ್ಲುತ್ತವೆ, ಪೂರ್ತಿ ಇಳಿಯುವುದೂ ಇಲ್ಲ. ಮೇಲ್ಪದರ ಸಿಬಿರೆದ್ದಿದೆ. ಕೊನೇ ಪಾಸ್‌ನಲ್ಲಿ (ಬಿಟ್‌ನ ಕೊನೇ ಸುತ್ತಿನಲ್ಲಿ) ತುಂಡು ಜರುಗಿ ಅಂಚು ಕೆಟ್ಟಿತು. ಏನು ಬದಲಿಸಬೇಕು?

ಉತ್ತರ 1: ಸರ್, ಪೀಠ ಎಷ್ಟು ತೆರೆಯಬೇಕು ಎನ್ನುವುದನ್ನು ತೀರ್ಮಾನಿಸುವುದೇ ಕಚ್ಚಿನ ಅಗಲ. ಅದನ್ನು ಹಲಗೆಯ ದಪ್ಪಕ್ಕೆ ಸಮ ಇಟ್ಟರೆ 90 ಡಿಗ್ರಿ ಬಿಟ್ಟು ಬೇರೆ ದಾರಿಯಿಲ್ಲ. ದೊಡ್ಡ ಪುಸ್ತಕಕ್ಕೆ ಮೇಲಿನ ತೆರೆಪು 100 ಡಿಗ್ರಿ ಇದ್ದರೆ ಹಾಳೆ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಆಗ ಪಕ್ಕದ ಕೋನ, ಎಂದರೆ 180ರಲ್ಲಿ ಉಳಿದದ್ದು, 80. ಲೆಕ್ಕ ಇಷ್ಟೇ: ದಪ್ಪವನ್ನು ಪಕ್ಕದ ಕೋನದ ಅರ್ಧದ ಟ್ಯಾನ್‌ನಿಂದ ಭಾಗಿಸಿ. 12 ÷ ಟ್ಯಾನ್ 40 = 14.3 ಮಿ.ಮೀ. ತೆರೆಪು 110 ಬೇಕಿದ್ದರೆ 17.1. ಪುಸ್ತಕದ ಭಾರಕ್ಕೆ ಹಲಗೆಗಳು ಅಗಲವಾಗುತ್ತಾ ಹೋಗಿ ಆ ಕೋನಕ್ಕೆ ತಾವಾಗಿಯೇ ನಿಲ್ಲುತ್ತವೆ, ಬೇರೆ ತಡೆ ಬೇಕಿಲ್ಲ. ಜೋಡಿಸುವಾಗ 90ರಲ್ಲಿ ಸಲೀಸಾಗಿ ಜಾರುತ್ತವೆ, ಹಾಗಾಗಿ ಸಡಿಲಕ್ಕೆಂದು ಇನ್ನಷ್ಟು ಕೊಡಬೇಡಿ. ಈ ಅಳತೆಯಲ್ಲಿ ಕಾಲು ಮಿ.ಮೀ. ಹೆಚ್ಚಾದರೆ ತೆರೆಪು ಒಂದು ಡಿಗ್ರಿ ಹಿಗ್ಗುತ್ತದೆ. ದಪ್ಪವನ್ನು ವರ್ನಿಯರ್‌ನಲ್ಲೇ ಅಳೆಯಿರಿ. ಅಂಗಡಿಯ 12 ಮಿ.ಮೀ. ಪ್ಲೈ 11.6 ಇದ್ದರೆ ಕಚ್ಚು 13.8 ಆಗಬೇಕು.

ಪೂರ್ತಿ ಇಳಿಯದಿರುವುದು ಒಳಮೂಲೆಯಿಂದ. 6 ಮಿ.ಮೀ. ಬಿಟ್ ಮೂಲೆಯಲ್ಲಿ 3 ಮಿ.ಮೀ. ದುಂಡು ಉಳಿಸುತ್ತದೆ, ಎದುರು ಹಲಗೆ ಅದಕ್ಕೇ ಕಚ್ಚಿಕೊಳ್ಳುತ್ತದೆ. ಮೂಲೆಗೆ ಡಾಗ್‌ಬೋನ್ ಕೊಡಿ: ಎರಡೂ ಗೋಡೆಯಿಂದ 2.12 ಮಿ.ಮೀ. ಒಳಗೆ ಕೇಂದ್ರ ಇರುವ 6 ಮಿ.ಮೀ. ರಂಧ್ರ.

ಅಳತೆ: ಹಲಗೆ 360×220, ಕಚ್ಚಿನ ನಡುಗೆರೆ ಕಾಲಿನ ತುದಿಯಿಂದ 160, ಕಚ್ಚಿನ ಆಳ 110.5. 100 ಡಿಗ್ರಿ ತೆರೆದಾಗ ಕಾಲುಗಳ ಹರವು ಸುಮಾರು 245, ಎತ್ತರ 231 ಮಿ.ಮೀ. ಎರಡಕ್ಕೂ ಒಂದೇ ಫೈಲ್ ಸಾಕು. ಕೆತ್ತನೆ ಇದ್ದರಂತೂ ಮಿರರ್ ಮಾಡಲೇಬೇಡಿ, ಒಂದರ ಕೆತ್ತನೆ ಹೊರಗೆ, ಇನ್ನೊಂದರದು ಒಳಗೆ ಬಂದುಬಿಡುತ್ತದೆ.

ಉತ್ತರ 2: ಪ್ಲೈ ಬರೀ ಅಳತೆ ನೋಡುವುದಕ್ಕೆ ಇರಲಿ, ಕೈಗೆ ಬರುವ ಪೀಠ ತೇಗದ್ದಾಗಲಿ. ಮರದ ಎಳೆ 360ರ ಉದ್ದಕ್ಕೆ ಓಡಬೇಕು. ಕಚ್ಚಿನ ಜಾಗದಲ್ಲಿ ಭಾರ ಹೊರುವುದು ಉಳಿದ 110 ಮಿ.ಮೀ. ಮಾತ್ರ, ಎಳೆ ಅಡ್ಡವಿದ್ದರೆ ಅಲ್ಲೇ ಸೀಳುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಮರ ಮಳೆಗಾಲದಲ್ಲಿ ಹಿಗ್ಗುವುದು ಎಳೆಗೆ ಅಡ್ಡಲಾಗಿ, ಆದ್ದರಿಂದ ಕಚ್ಚಿನ ಅಗಲ ಬದಲಾಗುವುದಿಲ್ಲ. 220ರ ಒಂದೇ ಹಲಗೆ ಸಿಗದಿದ್ದರೆ ಎರಡನ್ನು ಅಂಟಿಸಿ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ.

ಉತ್ತರ 3: ಸಿಬಿರಿಗೆ ಕಾರಣ ಅಪ್‌ಕಟ್ ಬಿಟ್, ಅದು ಪದರವನ್ನು ಮೇಲಕ್ಕೆಳೆಯುತ್ತದೆ. ಪ್ಲೈಗೆ ಕಂಪ್ರೆಷನ್ ಬಿಟ್ (ತುದಿ ಮೇಲಕ್ಕೆಳೆದು, ಉಳಿದ ಭಾಗ ಕೆಳಕ್ಕೆ ಒತ್ತುವಂಥದ್ದು) ಸರಿ, ಆದರೆ ಮೊದಲ ಪಾಸ್‌ನಲ್ಲೇ ಅದರ ಅಪ್‌ಕಟ್ ಭಾಗ ಹಲಗೆಯ ಮೇಲ್ಮೈಗಿಂತ ಕೆಳಗಿಳಿಯಬೇಕು. ತೇಗಕ್ಕೆ 6 ಮಿ.ಮೀ., ಎರಡು ಫ್ಲೂಟ್ (ಹಲ್ಲು) ಇರುವ ಕಾರ್ಬೈಡ್ ಬಿಟ್. ತೇಗದ ಸಿಲಿಕಾಕ್ಕೆ ಎಚ್‌ಎಸ್‌ಎಸ್ (ಹೈಸ್ಪೀಡ್ ಉಕ್ಕಿನ) ಬಿಟ್ ಬೇಗ ಮೊಂಡಾಗುತ್ತದೆ. 16,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಪ್ರತಿ ಹಲ್ಲಿಗೆ 0.05 ಮಿ.ಮೀ. ಎಂದರೆ ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 1,600 ಮಿ.ಮೀ. ಹೆದರಿ ಫೀಡ್ ಇಳಿಸಿದರೆ ಮರ ಕಪ್ಪಾಗಿ ಸುಡುತ್ತದೆ. ಪಾಸ್‌ಗೆ 3 ಮಿ.ಮೀ. ಆಳ, ನೇರ ಚುಚ್ಚದೆ ಓರೆಯಾಗಿ, ಅಂದರೆ ರ‍್ಯಾಂಪ್‌ನಲ್ಲಿ ಇಳಿಸಿ. ಗೋಡೆಗೆ 0.3 ಉಳಿಸಿಕೊಂಡು ಕೊನೆಗೆ ಪೂರ್ತಿ ಆಳದಲ್ಲಿ ಒಂದು ಫಿನಿಷ್ ಪಾಸ್.

ಜೆಡ್ ಸೊನ್ನೆಯನ್ನು (ಆಳದ ಅಳತೆ ಶುರುವಾಗುವ ಮಟ್ಟವನ್ನು) ಹಲಗೆಯ ಮೇಲೆ ಹಿಡಿಯದೆ ಕೆಳಗಿನ ಸ್ಪಾಯಿಲ್‌ಬೋರ್ಡ್ (ಟೇಬಲ್ ಕಾಯುವ ಅಡಿ ಹಲಗೆ) ಮೇಲೆ ಹಿಡಿಯಿರಿ, 0.2 ಒಳಗೆ ಇಳಿದರೆ ಸಾಕು. ಮೊದಲು ಕೆತ್ತನೆ, ಆಮೇಲೆ ಕಚ್ಚು, ಹೊರ ಅಂಚು ಕಟ್ಟಕಡೆಗೆ. ತುಂಡಿಗೆ ಆರು ಟ್ಯಾಬ್ (ತುಂಡನ್ನು ಹಿಡಿದಿಡಲು ಕತ್ತರಿಸದೆ ಬಿಡುವ ತುಣುಕು), ತಲಾ 6 ಮಿ.ಮೀ. ಅಗಲ, 2 ಮಿ.ಮೀ. ದಪ್ಪ, ಕಚ್ಚಿನ ಗೋಡೆಯಲ್ಲಿ ಮಾತ್ರ ಬೇಡ. ಹಲಗೆಯ ತಳಕ್ಕೂ ಬೋರ್ಡಿಗೂ ಮಾಸ್ಕಿಂಗ್ ಟೇಪ್ ಹಚ್ಚಿ ನಡುವೆ ಫೆವಿಕ್ವಿಕ್ ಹಾಕಿದರೆ ಜರುಗುವುದಿಲ್ಲ. ತೇಗದ ಧೂಳು ಗಂಟಲು, ಚರ್ಮ ಎರಡಕ್ಕೂ ಆಗದು, ಮಾಸ್ಕ್ ಇರಲೇಬೇಕು.

ಪ್ರಶ್ನೆ: ಮೂಲೆಯ ದುಂಡು ಚಿಕ್ಕದಾಗಲೆಂದು 3 ಮಿ.ಮೀ. ಬಿಟ್ ಹಾಕಬಹುದೇ?

ಉತ್ತರ 3: ಬೇಡ. 12 ಮಿ.ಮೀ. ಆಳಕ್ಕೆ ಅದು ಬಾಗಿ ಗೋಡೆ ಓರೆಯಾಗುತ್ತದೆ. ನಿಮ್ಮ ಕೋನ ನಿಂತಿರುವುದೇ ಆ ಗೋಡೆಯ ಮೇಲೆ.

ಉತ್ತರ 1: ಅದೇ ಕಾರಣಕ್ಕೆ ಕಚ್ಚಿನ ಅಂಚನ್ನು ಸ್ಯಾಂಡ್ ಪೇಪರ್‌ನಲ್ಲಿ ದುಂಡು ಮಾಡಬೇಡಿ. ಎದುರು ಹಲಗೆ ಒರಗುವುದು ಆ ಎರಡು ಅಂಚುಗಳಿಗೇ, ಅವು ಸವೆದಷ್ಟೂ ಪೀಠ ಹೆಚ್ಚು ತೆರೆದುಕೊಳ್ಳುತ್ತದೆ. ಉಳಿದೆಡೆ 120, 180, 240 ನಂಬರ್ ಉಜ್ಜಿ. ಕಾಲಿನ ತುದಿ ನೆಲಕ್ಕೆ ಸಪಾಟಾಗಿ ಕೂರಲು, ಸಮನಾದ ಬೋರ್ಡಿಗೆ 80 ನಂಬರ್ ಪೇಪರ್ ಅಂಟಿಸಿ, ಜೋಡಿಸಿದ ಪೀಠವನ್ನೇ ಅದರ ಮೇಲೆ ಹಿಂದೆ ಮುಂದೆ ಎಳೆಯಿರಿ. ವಾರ್ನಿಷ್ ಪದರ ಕಚ್ಚಿನೊಳಗೆ ಕಟ್ಟಿಕೊಂಡರೆ ತೆರೆಪು ಕಡಿಮೆಯಾಗುತ್ತದೆ, ಅಲ್ಲಿ ಟೇಪ್ ಹಚ್ಚಿರಿ. ಅಗಸೆ ಎಣ್ಣೆಯಾದರೆ ಆ ತೊಂದರೆ ಇಲ್ಲ, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡದೆ ಹರಡಿ ಒಣಗಿಸಿ. ಮುದ್ದೆಯಾಗಿದ್ದರೆ ತಾನೇ ಕಾದು ಬೆಂಕಿ ಹೊತ್ತಿಕೊಳ್ಳಬಹುದು.